ಕಾರ್ಡ್ ಇದ್ದರೂ ವೋಟು ತಪ್ಪುವುದೇಕೆ? ಮತದಾರರ ಪಟ್ಟಿಯಿಂದ ಮತಗಟ್ಟೆವರೆಗೆ, ಹಂತ ಹಂತವಾಗಿ

ಮತದಾನದ ದಿನ ಸಂಜೆ ನನ್ನ ಫೋನಿಗೆ ಬರುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ: ‘ವೋಟರ್ ಐಡಿ ಇತ್ತು, ಆದರೂ ವೋಟು ಹಾಕೋಕೆ ಬಿಡಲಿಲ್ಲ. ಈಗ ಏನು ಮಾಡೋದು?’ ಆ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಮಾಡಬೇಕಾದ ಕೆಲಸವೆಲ್ಲ ಎರಡು ಮೂರು ತಿಂಗಳ ಹಿಂದೆಯೇ ಮುಗಿದಿರಬೇಕಿತ್ತು. ಅದಕ್ಕೇ ಈ ಲೇಖನ. ಚುನಾವಣೆ ಹತ್ತಿರ ಇಲ್ಲದಾಗಲೇ ಓದಿಕೊಳ್ಳಿ.

2024ರ ಲೋಕಸಭಾ ಚುನಾವಣೆಯ ದಿನ ನಮ್ಮ ಬಡಾವಣೆಯ ಸರ್ಕಾರಿ ಶಾಲೆಯ ಗೇಟಿನ ಬಳಿ ಒಬ್ಬ ಅಜ್ಜಿ ನಿಂತಿದ್ದರು. ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕರ್ಚೀಫಿನಲ್ಲಿ ಸುತ್ತಿ ತಂದಿದ್ದರು. ಒಳಗೆ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಹಿಂದಿನ ವರ್ಷ ಎರಡು ಬೀದಿ ಆಚೆಯ ಬಾಡಿಗೆ ಮನೆಗೆ ಹೋಗಿದ್ದರಂತೆ. ಪರಿಶೀಲನೆಗೆ ಬಂದವರು ಹಳೇ ಮನೆಯಲ್ಲಿ ವಿಚಾರಿಸಿ, ‘ಇಲ್ಲಿ ಇಲ್ಲ’ ಎಂದು ಬರೆದುಕೊಂಡು ಹೋಗಿದ್ದರು. ‘ನಾನು ಬದುಕಿದ್ದೀನಲ್ಲಪ್ಪಾ, ನನ್ನ ಹೆಸರು ಹೆಂಗೆ ಹೋಯ್ತು?’ ಅಂತ ಅಜ್ಜಿ ಕೇಳುತ್ತಿದ್ದರು. ನನ್ನ ಹತ್ತಿರ ಉತ್ತರ ಇತ್ತು, ಪರಿಹಾರ ಇರಲಿಲ್ಲ.

ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ವೋಟರ್ ಐಡಿ ನಿಮ್ಮ ಗುರುತಿನ ಚೀಟಿ ಅಷ್ಟೇ. ವೋಟು ಹಾಕುವ ಹಕ್ಕು ಬರುವುದು ಪಟ್ಟಿಯಲ್ಲಿ ಹೆಸರು ಇದ್ದರೆ. ಕಾರ್ಡ್ ಕಳೆದರೂ ವೋಟು ಹಾಕಬಹುದು, ಹೆಸರು ಕಳೆದರೆ ಆಗುವುದಿಲ್ಲ.

ಯಾರು ಮತದಾರರಾಗಬಹುದು?

ಸಂವಿಧಾನದ 326ನೇ ವಿಧಿ ವಯಸ್ಕರಿಗೆಲ್ಲ ಮತದಾನದ ಹಕ್ಕು ಕೊಟ್ಟಿದೆ. ಮೊದಲು 21 ವರ್ಷ ಆಗಬೇಕಿತ್ತು. 61ನೇ ತಿದ್ದುಪಡಿಯ ನಂತರ, 1989ರಿಂದ, 18 ಆದರೆ ಸಾಕು. ಭಾರತದ ಪ್ರಜೆಯಾಗಿರಬೇಕು. ಜೊತೆಗೆ ಆ ಕ್ಷೇತ್ರದಲ್ಲಿ ‘ಸಾಮಾನ್ಯವಾಗಿ ವಾಸಿಸುವವರು’ ಆಗಿರಬೇಕು. ಕಾನೂನಿನ ಈ ಮಾತಿಗೆ ಸರಳವಾದ ಅರ್ಥ, ನೀವು ದಿನನಿತ್ಯ ಬಾಳುವ ಜಾಗ, ರಾತ್ರಿ ಮಲಗುವ ಜಾಗ. ಸ್ವಂತ ಮನೆಯೇ ಆಗಬೇಕಿಲ್ಲ. ಊರಲ್ಲಿ ಮನೆ, ಜಮೀನು ಇದೆ ಅನ್ನುವುದೊಂದೇ ಕಾರಣಕ್ಕೆ ನೀವು ಅಲ್ಲಿನ ಮತದಾರರಾಗುವುದಿಲ್ಲ. ಕೆಲಸದ ಮೇಲೆ ಕೆಲ ದಿನ ಹೊರಗೆ ಹೋದರೆ ಹಕ್ಕು ಹೋಗುವುದೂ ಇಲ್ಲ.

ವಿಳಾಸವೇ ಇಲ್ಲದವರಿಗೂ ಹಕ್ಕಿದೆ. ಫುಟ್‌ಪಾತ್ ಮೇಲೆ, ಶೆಡ್ಡಿನಲ್ಲಿ ಮಲಗುವವರು ಅರ್ಜಿ ಹಾಕಿದರೆ, ಅವರು ಹೇಳಿದ ಜಾಗಕ್ಕೆ ಸಿಬ್ಬಂದಿ ರಾತ್ರಿ ಹೊತ್ತು ಬಂದು, ಅವರು ಅಲ್ಲೇ ಮಲಗುತ್ತಾರಾ ಎಂದು ನೋಡಬೇಕು. ವಿಳಾಸದ ದಾಖಲೆ ಕೇಳುವಂತಿಲ್ಲ. ಯಾದಗಿರಿ, ರಾಯಚೂರು ಕಡೆಯಿಂದ ಬಂದು ಬೆಂಗಳೂರಿನ ಕಟ್ಟಡ ಕೆಲಸದಲ್ಲಿ ವರ್ಷಗಟ್ಟಲೆ ಇರುವ ಎಷ್ಟೋ ಕುಟುಂಬಗಳಿಗೆ ಇದು ಗೊತ್ತೇ ಇಲ್ಲ. ನಿಮ್ಮ ಪಕ್ಕದ ಸೈಟಿನಲ್ಲಿ ಅಂಥವರಿದ್ದರೆ ದಯವಿಟ್ಟು ತಿಳಿಸಿ.

ಹಕ್ಕು ಇಲ್ಲದವರು ಯಾರು? ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ (ಬೇರೆ ದೇಶದ ಪ್ರಜೆಯಾದ ಭಾರತೀಯ ಮೂಲದವರಿಗೆ ಕೊಡುವ ಕಾರ್ಡ್) ಇರುವವರೂ ಸೇರಿ. ಚುನಾವಣಾ ಅಪರಾಧಗಳಿಗಾಗಿ ಅನರ್ಹರಾದವರು. ಮತಿ ಸ್ಥಿಮಿತದಲ್ಲಿಲ್ಲ ಎಂದು ನ್ಯಾಯಾಲಯ ಘೋಷಿಸಿದವರು. ಇಲ್ಲಿ ‘ನ್ಯಾಯಾಲಯ ಘೋಷಿಸಿದವರು’ ಅನ್ನುವುದು ಮುಖ್ಯ. ಮರೆವಿನ ಕಾಯಿಲೆ ಇರುವ ಅಪ್ಪನನ್ನೋ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವ ತಂಗಿಯನ್ನೋ ‘ಅವರಿಗೆ ವೋಟಿಲ್ಲ’ ಎಂದು ಮನೆಯವರೇ ತೀರ್ಮಾನ ಮಾಡಿಬಿಡುತ್ತಾರೆ. ಅದು ತಪ್ಪು, ಅವರಿಗೆ ಹಕ್ಕಿದೆ.

ಜೈಲಿನಲ್ಲಿರುವವರದು ಬೇರೆ ಕಥೆ. ಪಟ್ಟಿಯಲ್ಲಿ ಹೆಸರು ಇರಬಹುದು, ಆದರೆ ವೋಟು ಹಾಕುವಂತಿಲ್ಲ. ಶಿಕ್ಷೆ ಆಗಿರಲಿ, ವಿಚಾರಣೆ ಬಾಕಿ ಇರಲಿ, ಎರಡೂ ಒಂದೇ. ಮುಂಜಾಗ್ರತಾ ಬಂಧನದಲ್ಲಿರುವವರು, ಎಂದರೆ ಅಪರಾಧ ಆಗದಂತೆ ತಡೆಯಲು ಮುಂಚೆಯೇ ಹಿಡಿದಿಟ್ಟವರು ಮಾತ್ರ ಅಂಚೆ ಮೂಲಕ ಹಾಕಬಹುದು. ಜಾಮೀನಿನ ಮೇಲೆ ಹೊರಗಿದ್ದರೆ ಯಾವ ಅಡ್ಡಿಯೂ ಇಲ್ಲ. ತಪ್ಪು ಇನ್ನೂ ಸಾಬೀತಾಗದ, ಜಾಮೀನಿಗೆ ದುಡ್ಡಿಲ್ಲದ ಬಡವನ ವೋಟನ್ನೂ ಕಿತ್ತುಕೊಳ್ಳುವ ಈ ನಿಯಮ ನನಗೆ ಸರಿ ಕಾಣುವುದಿಲ್ಲ. ಆದರೆ ಸದ್ಯದ ಕಾನೂನು ಹೀಗೇ ಇದೆ.

ಹಕ್ಕಿದ್ದೂ ಹಾಕದವರು

2024ರಲ್ಲಿ ಮಂಡ್ಯ ಕ್ಷೇತ್ರದಲ್ಲಿ ಶೇ 81ಕ್ಕೂ ಜಾಸ್ತಿ ಮತದಾನ ಆಯಿತು. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರು ದಕ್ಷಿಣದಲ್ಲಿ ಆಗಿದ್ದು ಶೇ 53ರ ಆಸುಪಾಸು. ‘ಓದಿದವರಿಗೇ ಬುದ್ಧಿ ಇಲ್ಲ, ಶುಕ್ರವಾರ ರಜೆ ಅಂತ ಟ್ರಿಪ್ ಹೋದರು’ ಎಂದು ಎಲ್ಲರೂ ಬೈದರು. ಸ್ವಲ್ಪ ನಿಜ ಇರಬಹುದು. ಆದರೆ 2023ರ ವಿಧಾನಸಭಾ ಚುನಾವಣೆಯಲ್ಲಿ ಉದ್ದ ರಜೆ ಆಗದಿರಲಿ ಎಂದು ಮತದಾನವನ್ನು ಬುಧವಾರ, ಮೇ 10ಕ್ಕೆ ಇಟ್ಟಿದ್ದರು. ಆಗಲೂ ನಗರದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ವರ್ಷಗಟ್ಟಲೆ ಜನರ ಅರ್ಜಿ ತುಂಬಿಸಿ ನನಗೆ ಅನ್ನಿಸಿದ್ದು ಇಷ್ಟು. ಸುಮ್ನೆ ಮನೆಯಲ್ಲಿ ಕೂತವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಹೆಸರು ಊರಿನ ಪಟ್ಟಿಯಲ್ಲಿದ್ದು ಬಸ್ಸಿಗೆ ದುಡ್ಡು, ರಜೆ ಎರಡೂ ಇಲ್ಲದವರು ಅವರಿಗಿಂತ ಜಾಸ್ತಿ ಸಿಗುತ್ತಾರೆ. ಮನೆ ಬದಲಿಸಿದ ಮೇಲೆ ಹೆಸರು ಎಲ್ಲಿದೆ ಎಂದೇ ಗೊತ್ತಿಲ್ಲದವರು ಇನ್ನೂ ಜಾಸ್ತಿ. ಇನ್ನೊಂದು ಗಮನಿಸಿ. ಶೇಕಡಾವಾರು ಲೆಕ್ಕ ಹಾಕುವುದು ಪಟ್ಟಿಯಲ್ಲಿರುವ ಹೆಸರುಗಳ ಮೇಲೆ. ತೀರಿಹೋದವರು, ಊರು ಬಿಟ್ಟವರು, ಎರಡು ಕಡೆ ಹೆಸರಿರುವವರು ಎಲ್ಲರೂ ಆ ಲೆಕ್ಕದಲ್ಲಿ ಸೇರುತ್ತಾರೆ. ಪಟ್ಟಿ ಕೊಳಕಾಗಿದ್ದರೆ ಊರಿಗೂ ಕೆಟ್ಟ ಹೆಸರು.

‘ನನ್ನೊಬ್ಬನ ವೋಟಿಂದ ಏನಾಗತ್ತೆ’ ಎನ್ನುವವರಿಗೆ ನಮ್ಮ ರಾಜ್ಯದ ಎರಡು ಫಲಿತಾಂಶ ಹೇಳುತ್ತೇನೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ಎದುರು ಗೆದ್ದದ್ದು ಒಂದೇ ಒಂದು ವೋಟಿನಿಂದ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಗೆಲುವಿನ ಅಂತರ 16. ಒಂದು ಅಪಾರ್ಟ್‌ಮೆಂಟಿನ ಒಂದು ಮಹಡಿಯ ವೋಟು ಅಷ್ಟಿರುತ್ತದೆ, ಅಲ್ವಾ?

ಈಗ ಕೆಲಸಕ್ಕೆ ಬರೋಣ.

ಹಂತ 1: ಪಟ್ಟಿಯಲ್ಲಿ ಹೆಸರು ಹುಡುಕಿ

ಕಾರ್ಡ್ ಕೈಯಲ್ಲಿ ಹಿಡಿದುಕೊಳ್ಳಿ. ಅದರ ಮೇಲೆ ಇಂಗ್ಲಿಷ್ ಅಕ್ಷರ, ಅಂಕಿ ಸೇರಿದ ಒಂದು ಸಂಖ್ಯೆ ಇದೆ. ಅದೇ ಎಪಿಕ್ ಸಂಖ್ಯೆ. ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ಗೆ (ವೋಟರ್ಸ್ ಡಾಟ್ ಇಸಿಐ ಡಾಟ್ ಜಿಒವಿ ಡಾಟ್ ಇನ್) ಹೋಗಿ, ಇಲ್ಲವೇ ಆಯೋಗದ ಆ್ಯಪ್ ತೆರೆಯಿರಿ. ಪಟ್ಟಿಯಲ್ಲಿ ಹುಡುಕುವ ಜಾಗದಲ್ಲಿ ಎಪಿಕ್ ಸಂಖ್ಯೆ ಹಾಕಿ. ಇಂಟರ್ನೆಟ್ ಬಳಸದವರು 1950ಕ್ಕೆ ಕರೆ ಮಾಡಿ ಕೇಳಬಹುದು.

ಹೆಸರು ಹಾಕಿಯೂ ಹುಡುಕಬಹುದು, ಆದರೆ ಅದನ್ನು ನೆಚ್ಚಿಕೊಳ್ಳಬೇಡಿ. ‘ಗಂಗಮ್ಮ’ ಪಟ್ಟಿಯಲ್ಲಿ ‘ಗಂಗಾಮ್ಮ’ ಆಗಿದ್ದರೆ ಸಿಗುವುದಿಲ್ಲ. ಸಿಗಲಿಲ್ಲ ಎಂದು ಗಾಬರಿಯಾಗಿ ಹೊಸ ಅರ್ಜಿ ಹಾಕಿದರೆ ಎರಡು ಕಡೆ ಹೆಸರಾಗುತ್ತದೆ.

ಹೆಸರು ಸಿಕ್ಕಿದರೆ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ. ವಿಧಾನಸಭಾ ಕ್ಷೇತ್ರ, ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆ. ಭಾಗ ಸಂಖ್ಯೆ ಎಂದರೆ ನಿಮ್ಮ ಬೂತಿಗೆ ಸೇರಿದ ಪಟ್ಟಿಯ ನಂಬರು. ಕ್ರಮ ಸಂಖ್ಯೆ ಎಂದರೆ ಆ ಪಟ್ಟಿಯಲ್ಲಿ ನೀವು ಎಷ್ಟನೆಯವರು ಎಂಬುದು. ಒಂದೇ ಮನೆಯವರೂ ಬೇರೆ ಬೇರೆ ಭಾಗಕ್ಕೆ ಹೋಗಿರುವುದುಂಟು. ಹಾಗಾಗಿ ಮನೆಯ ಎಲ್ಲರದೂ ನೋಡಿ. ಅಪ್ಪಂದು ಇದೆ, ಆದ್ದರಿಂದ ಅಮ್ಮಂದೂ ಇರುತ್ತದೆ ಅಂದುಕೊಳ್ಳಬೇಡಿ.

ವರ್ಷಕ್ಕೆ ಎರಡು ಸಲವಾದರೂ ಹೀಗೆ ನೋಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2023ರ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಿರಿ ಎಂದು 6,018 ಅರ್ಜಿಗಳು ಆನ್‌ಲೈನ್‌ನಲ್ಲಿ ಬಂದವು. ಅಧಿಕಾರಿಗಳು ಪರಿಶೀಲಿಸಿದಾಗ ಸರಿಯಿದ್ದದ್ದು 24 ಮಾತ್ರ. ಉಳಿದವನ್ನು ತಿರಸ್ಕರಿಸಿದರು, ಪೊಲೀಸ್ ದೂರೂ ಆಯಿತು. ಆ ಸಲ ಪರಿಶೀಲನೆ ಆಯಿತು, ಸರಿ. ಪ್ರತಿ ಸಲವೂ ಹಾಗೇ ಆಗುತ್ತದೆ ಎಂದು ನಂಬಿ ಕೂರಲು ಆಗುವುದಿಲ್ಲ.

2025ರಲ್ಲಿ ಬಿಹಾರದಲ್ಲಿ ‘ವಿಶೇಷ ತೀವ್ರ ಪರಿಷ್ಕರಣೆ’ ನಡೆಯಿತು. ಪಟ್ಟಿಯನ್ನು ಬುಡದಿಂದ ಹೊಸದಾಗಿ ಮಾಡುವುದು ಎಂದು ಅರ್ಥ. ಕರಡು ಪಟ್ಟಿ ಬಂದಾಗ ಸುಮಾರು 65 ಲಕ್ಷ ಹೆಸರುಗಳು ಅದರಲ್ಲಿ ಇರಲಿಲ್ಲ. ಇಂಥ ಪರಿಷ್ಕರಣೆ ನಿಮ್ಮಲ್ಲಿ ನಡೆಯುವಾಗ ಮನೆಗೆ ಬರುವ ಎಣಿಕೆ ನಮೂನೆಯನ್ನು ತುಂಬಿ, ಕೊಟ್ಟದ್ದಕ್ಕೆ ಗುರುತು ಇಟ್ಟುಕೊಳ್ಳಿ. ಆಗ ಕೇಳುವ ದಾಖಲೆಗಳೂ ಬೇರೆ ಇರಬಹುದು. ಕರಡು ಪಟ್ಟಿ ಬಂದ ದಿನವೇ ಹೆಸರು ನೋಡಿ. ಆಕ್ಷೇಪಣೆಗೆ ಕೊಡುವ ದಿನಗಳು ಕಡಿಮೆ.

ಹಂತ 2: ಸರಿಯಾದ ನಮೂನೆ ಆರಿಸಿ

ಅರ್ಧಕ್ಕರ್ಧ ಜನ ಎಡವುವುದು ಇಲ್ಲೇ. ನಮೂನೆ ಎಂದರೆ ಅರ್ಜಿ ಫಾರಂ. ಜೀವನದಲ್ಲಿ ಮೊದಲ ಸಲ ಹೆಸರು ಸೇರಿಸುವುದಕ್ಕೆ ನಮೂನೆ 6. ಮನೆ ಬದಲಿಸಿದ್ದರೆ, ಹೆಸರು ಅಥವಾ ವಯಸ್ಸು ತಪ್ಪಾಗಿದ್ದರೆ, ಕಾರ್ಡ್ ಕಳೆದಿದ್ದರೆ, ಅಂಗವಿಕಲರು ಎಂದು ಗುರುತು ಮಾಡಿಸಬೇಕಿದ್ದರೆ, ಎಲ್ಲಕ್ಕೂ ನಮೂನೆ 8. ತೀರಿಹೋದವರ ಹೆಸರು ತೆಗೆಸಲು, ಬೇರೆಯವರ ಸೇರ್ಪಡೆಗೆ ಆಕ್ಷೇಪ ಹೇಳಲು ನಮೂನೆ 7.

ಮನೆ ಬದಲಿಸಿದವರು ನಮೂನೆ 6 ಹಾಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಮೈಸೂರಿಂದ ಹುಬ್ಬಳ್ಳಿಗೆ ಹೋಗಲಿ, ಜಯನಗರದಿಂದ ಜೆ.ಪಿ. ನಗರಕ್ಕೆ ಹೋಗಲಿ, ನಮೂನೆ 8. ಮದುವೆಯಾಗಿ ಗಂಡನ ಮನೆಗೆ ಬಂದ ಹೆಣ್ಣುಮಕ್ಕಳಿಗೂ ಅದೇ. ಎಪಿಕ್ ಸಂಖ್ಯೆ ಬದಲಾಗುವುದಿಲ್ಲ, ಹಳೇ ಜಾಗದಿಂದ ಹೆಸರು ಹೊಸ ಜಾಗಕ್ಕೆ ಬರುತ್ತದೆ. ನಮೂನೆ 6ರಲ್ಲಿ ‘ಬೇರೆಲ್ಲೂ ನನ್ನ ಹೆಸರಿಲ್ಲ’ ಎಂದು ಸಹಿ ಹಾಕಬೇಕು. ಹೆಸರಿದ್ದೂ ಹಾಗೆ ಬರೆದುಕೊಟ್ಟರೆ ಅದು ಸುಳ್ಳು ಘೋಷಣೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಕಲಮಿನಂತೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.

‘ಊರಲ್ಲೂ ಇರಲಿ, ಇಲ್ಲೂ ಇರಲಿ’ ಅನ್ನುವವರಿಗೂ ಇದೇ ಉತ್ತರ. ಒಬ್ಬರಿಗೆ ಒಂದೇ ಕಡೆ. ಊರಿನ ಮೇಲಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಪಂಚಾಯಿತಿ ಚುನಾವಣೆಗೆ ಬಸ್ ಹತ್ತಿ ಹೋಗುವುದರಲ್ಲಿ ಒಂದು ಖುಷಿಯಿದೆ. ಆದರೆ ನಿಮ್ಮ ನಲ್ಲಿ, ನಿಮ್ಮ ರಸ್ತೆ, ನಿಮ್ಮ ಮಗುವಿನ ಶಾಲೆ ಎಲ್ಲ ಇಲ್ಲಿದ್ದು ವೋಟು ಮಾತ್ರ ಅಲ್ಲಿದ್ದರೆ, ಇಲ್ಲಿನ ಕಾರ್ಪೊರೇಟರ್ ಆಗಲಿ ಶಾಸಕರಾಗಲಿ ನಿಮ್ಮ ಮಾತು ಯಾಕೆ ಕೇಳಬೇಕು? ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳಿಗೆ ಮಾತ್ರ ಆಯ್ಕೆ ಇದೆ. ಅಪ್ಪ ಅಮ್ಮ ಇರುವ ಊರಿನಲ್ಲೂ ಸೇರಬಹುದು, ಹಾಸ್ಟೆಲ್ ಇರುವ ಕಡೆಯೂ ಸೇರಬಹುದು. ಎರಡರಲ್ಲಿ ಒಂದು.

ವಿದೇಶದಲ್ಲಿರುವ ಕನ್ನಡಿಗರಿಗೆ ನಮೂನೆ 6ಎ. ಭಾರತದ ಪಾಸ್‌ಪೋರ್ಟ್ ಇರಬೇಕು, ಅದರಲ್ಲಿರುವ ಊರಿನ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರುತ್ತದೆ. ಆದರೆ ವೋಟು ಹಾಕಲು ಅಸಲಿ ಪಾಸ್‌ಪೋರ್ಟ್ ಹಿಡಿದು ಇಲ್ಲಿಗೇ ಬರಬೇಕು. ಅಂಚೆಯಲ್ಲಿ ಕಳಿಸುವ ಸೌಲಭ್ಯ ಅವರಿಗೆ ಇನ್ನೂ ಬಂದಿಲ್ಲ. 2024ರಲ್ಲಿ ದೇಶದಾದ್ಯಂತ 1.19 ಲಕ್ಷ ಮಂದಿ ಹೀಗೆ ನೋಂದಾಯಿಸಿದ್ದರು, ಬಂದು ಹಾಕಿದವರು ಮೂರು ಸಾವಿರದಷ್ಟು. ಅವರಲ್ಲೂ ಹೆಚ್ಚಿನವರು ಕೇರಳದವರು.

ವಿಧಾನ ಪರಿಷತ್ತಿನ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳ ಪಟ್ಟಿ ಬೇರೆಯೇ. ಪದವೀಧರರಿಗೆ ನಮೂನೆ 18, ಶಿಕ್ಷಕರಿಗೆ 19. ಪ್ರತಿ ಚುನಾವಣೆಗೂ ಹೊಸದಾಗಿ ಅರ್ಜಿ ಹಾಕಬೇಕು, ಹಳೇ ಪಟ್ಟಿ ಮುಂದುವರಿಯುವುದಿಲ್ಲ. ಪದವಿ ಮುಗಿದು ಮೂರು ವರ್ಷ ಆಗಿರಬೇಕು. ‘ಕಳೆದ ಸಲ ಹಾಕಿದ್ದೆ, ಈ ಸಲ ಹೆಸರಿಲ್ಲ’ ಎಂದು ಮೇಷ್ಟ್ರುಗಳೇ ಕೇಳುವುದರಿಂದ ಇದನ್ನು ಇಲ್ಲಿ ಬರೆದೆ.

ಹಂತ 3: ದಾಖಲೆ ಹೊಂದಿಸಿ, ಅರ್ಜಿ ತುಂಬಿ

ಹೊಸದಾಗಿ ಸೇರುವವರಿಗೆ ವರ್ಷದಲ್ಲಿ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಮೊದಲು ಜನವರಿ 1 ಒಂದೇ ಇತ್ತು. ಫೆಬ್ರವರಿಯಲ್ಲಿ 18 ತುಂಬಿದ ಮಕ್ಕಳು ಮುಂದಿನ ವರ್ಷದವರೆಗೆ ಕಾಯಬೇಕಿತ್ತು. ಈಗ 17 ತುಂಬಿದವರೇ ಮುಂಗಡವಾಗಿ ಅರ್ಜಿ ಹಾಕಬಹುದು. 18 ಆದ ಮೇಲೆ ಬರುವ ಅರ್ಹತಾ ದಿನಾಂಕಕ್ಕೆ ಅದನ್ನು ಪರಿಗಣಿಸುತ್ತಾರೆ. ಪಿಯುಸಿ ಓದುವ ಮಕ್ಕಳಿಗೆ ಹೇಳಿ.

ಬೇಕಾದದ್ದು ಮೂರು: ಬಿಳಿ ಹಿನ್ನೆಲೆಯ ಫೋಟೊ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ. ವಯಸ್ಸಿಗೆ ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾಸ್‌ಪೋರ್ಟ್, ಪ್ಯಾನ್, ಡಿಎಲ್, ಆಧಾರ್ ಇವುಗಳಲ್ಲಿ ಒಂದು. ವಿಳಾಸಕ್ಕೆ ಕರೆಂಟ್, ನೀರು ಅಥವಾ ಗ್ಯಾಸ್ ಬಿಲ್, ಬ್ಯಾಂಕ್ ಪಾಸ್‌ಬುಕ್, ಆಧಾರ್, ಪಾಸ್‌ಪೋರ್ಟ್ ಇಂಥದ್ದು. ಬಿಲ್ಲುಗಳು ಆ ವಿಳಾಸದಲ್ಲಿ ಕನಿಷ್ಠ ಒಂದು ವರ್ಷದ್ದಾಗಿರಬೇಕು. ದಾಖಲೆ ಅಪ್ಪ, ಅಮ್ಮ, ಗಂಡ ಅಥವಾ ಹೆಂಡತಿಯ ಹೆಸರಿನಲ್ಲಿದ್ದರೂ ನಡೆಯುತ್ತದೆ. ಆಧಾರ್ ಸಂಖ್ಯೆ ಕೊಡಲೇಬೇಕು ಎಂದೇನಿಲ್ಲ. ಇಲ್ಲದವರಿಗೆ ಫಾರಂನಲ್ಲೇ ಬೇರೆ ಆಯ್ಕೆ ಇದೆ.

ಬಾಡಿಗೆದಾರರ ಗೋಳು ನನಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಮಾಡುವುದು 11 ತಿಂಗಳ ಕರಾರು, ಸ್ಟಾಂಪ್ ಪೇಪರ್ ಮೇಲೆ, ಹೆಚ್ಚೆಂದರೆ ನೋಟರಿ ಸಹಿ. ದಾಖಲೆಗಳ ಪಟ್ಟಿಯಲ್ಲಿ ಕೇಳುವುದು ನೋಂದಾಯಿತ ಕರಾರು, ಎಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆದದ್ದು. ಕರೆಂಟ್ ಬಿಲ್ ಮಾಲೀಕರ ಹೆಸರಿನಲ್ಲಿರುತ್ತದೆ. ಇದಕ್ಕೆ ಸುಲಭ ದಾರಿ ಎಂದರೆ ಮನೆ ಬದಲಿಸಿದ ತಿಂಗಳೇ ಆಧಾರ್ ಅಥವಾ ಬ್ಯಾಂಕ್ ಪಾಸ್‌ಬುಕ್ಕಿನ ವಿಳಾಸ ಬದಲಿಸಿಕೊಳ್ಳುವುದು. ಅದೂ ಇಲ್ಲದಿದ್ದರೆ ಅರ್ಜಿ ಬಿಡಬೇಡಿ. ದಾಖಲೆ ಇಲ್ಲದವರ ಮನೆಗೆ ಸಿಬ್ಬಂದಿ ಬಂದು ನೋಡಿ ತೀರ್ಮಾನ ಮಾಡಲು ಅವಕಾಶ ಇದೆ.

ಆನ್‌ಲೈನ್‌ನಲ್ಲಿ ತುಂಬುವಾಗ ಒಂದು ಕಡೆ ಸ್ವಲ್ಪ ನಿಲ್ಲಿ. ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಕೂಡಲೇ ಪಕ್ಕದ ಬಾಕ್ಸಿನಲ್ಲಿ ಕನ್ನಡ ತಾನಾಗಿ ಬರುತ್ತದೆ. ‘ತಿಮ್ಮಕ್ಕ’ ಅಲ್ಲಿ ‘ಥಿಮ್ಮಕ್ಕ’ ಆಗುತ್ತಾಳೆ, ‘ಶಾಂತ’ ‘ಶಂಥ’ ಆಗುತ್ತಾಳೆ. ಅದನ್ನು ಓದದೆ ಮುಂದೆ ಹೋದರೆ ಪಟ್ಟಿಯಲ್ಲೂ ಹಾಗೇ ಅಚ್ಚಾಗುತ್ತದೆ. ಕನ್ನಡ ಬಾಕ್ಸನ್ನು ಕೈಯಾರೆ ತಿದ್ದಿ. ಹೆಸರು ಸರಿಯಾಗಿ ಬರೆಸುವುದು ಸಣ್ಣ ವಿಷಯ ಅಲ್ಲ. ದೇಶದ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ಲಕ್ಷಾಂತರ ಹೆಂಗಸರು ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಬರೆಸಿದ್ದರು. ಸ್ವಂತ ಹೆಸರು ಹೇಳದ ಕಾರಣಕ್ಕೆ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು.

ಮೊಬೈಲ್ ಸಂಖ್ಯೆ ನಿಮ್ಮದೇ ಕೊಡಿ, ಸೈಬರ್ ಸೆಂಟರಿನವರದ್ದಲ್ಲ. ಮುಂದೆ ಮೆಸೇಜು, ಒಟಿಪಿ, ಡಿಜಿಟಲ್ ಕಾರ್ಡ್ ಎಲ್ಲ ಆ ಸಂಖ್ಯೆಗೇ ಬರುತ್ತದೆ. ಆನ್‌ಲೈನ್ ಬೇಡ ಅನ್ನಿಸಿದರೆ ಕಾಗದದ ಫಾರಂ ತುಂಬಿ ನಿಮ್ಮ ಬಿಎಲ್‌ಒಗೆ ಅಥವಾ ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಗೆ ಕೊಡಬಹುದು. ಬಿಎಲ್‌ಒ ಎಂದರೆ ಬೂತ್ ಮಟ್ಟದ ಅಧಿಕಾರಿ. ಬಹಳ ಕಡೆ ಶಾಲೆಯ ಟೀಚರೋ ಅಂಗನವಾಡಿ ಕಾರ್ಯಕರ್ತೆಯೋ ಆ ಕೆಲಸ ನೋಡುತ್ತಾರೆ.

ಹಂತ 4: ಅರ್ಜಿ ಹಾಕಿದ ಮೇಲೆ ಬೆನ್ನು ಹತ್ತಿ

ಅರ್ಜಿ ಹಾಕಿದರೆ ಒಂದು ಉಲ್ಲೇಖ ಸಂಖ್ಯೆ ಬರುತ್ತದೆ. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಕ್ಷೇಪಣೆಗೆ ಏಳು ದಿನ ಬಿಟ್ಟು, ಬಿಎಲ್‌ಒ ಮನೆಗೆ ಬಂದು ನೋಡಿ, ಆಮೇಲೆ ಮತದಾರರ ನೋಂದಣಿ ಅಧಿಕಾರಿ ಆದೇಶ ಮಾಡುತ್ತಾರೆ.

ಜಾಸ್ತಿ ಅರ್ಜಿಗಳು ಸಾಯುವುದು ‘ಬಿಎಲ್‌ಒ ಬಂದಾಗ ಮನೆಗೆ ಬೀಗ’ ಎಂಬ ಕಾರಣಕ್ಕೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಇದು ಖಂಡಿತ ಆಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿಯವರೇ ಗೇಟಿನಿಂದ ವಾಪಸ್ ಕಳಿಸುತ್ತಾರೆ. ಪೋರ್ಟಲ್‌ನಲ್ಲಿ ಭಾಗ ಸಂಖ್ಯೆ ನೋಡಿದರೆ ನಿಮ್ಮ ಬಿಎಲ್‌ಒ ಹೆಸರು, ಫೋನ್ ಸಿಗುತ್ತದೆ. ನೀವೇ ಕರೆ ಮಾಡಿ. ‘ಮೇಡಂ, ಅರ್ಜಿ ಹಾಕಿದ್ದೇವೆ, ಭಾನುವಾರ ಮನೆಯಲ್ಲಿರುತ್ತೇವೆ’ ಎಂದು ಹೇಳಿ. ಅವರು ತಮ್ಮ ಕೆಲಸದ ಜೊತೆಗೆ ಇದನ್ನೂ ಮಾಡುತ್ತಿರುತ್ತಾರೆ, ಬಿಸಿಲಲ್ಲಿ ಮೂರು ಮಹಡಿ ಹತ್ತಿ ಬಂದಿರುತ್ತಾರೆ. ಒಂದು ಲೋಟ ನೀರು ಕೊಡಿ, ಮರ್ಯಾದೆಯಿಂದ ಮಾತಾಡಿಸಿ.

ಅರ್ಜಿ ತಿರಸ್ಕಾರವಾದರೆ ಅಲ್ಲಿಗೇ ಬಿಡಬೇಡಿ. ಕಾರಣ ಕೇಳಿ ಪಡೆಯಿರಿ. 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಎರಡನೇ ಮೇಲ್ಮನವಿ. ಹಾಗೆಯೇ, ಊರು ಬಿಟ್ಟಿದ್ದಾರೆ ಎಂಬಂಥ ಕಾರಣ ಕೊಟ್ಟು ನಿಮ್ಮ ಹೆಸರು ತೆಗೆಯುವ ಮುಂಚೆ ನಿಮ್ಮ ಮಾತು ಕೇಳಲೇಬೇಕು ಎಂದು ಕಾನೂನಿದೆ. ನೋಟಿಸ್ ಬಂದರೆ ಹೇಳಿದ ದಿನ ದಾಖಲೆ ಸಮೇತ ಹೋಗಿ.

ಹಂತ 5: ಚುನಾವಣೆ ಘೋಷಣೆ ಆದ ದಿನ

ಮತ್ತೊಂದು ಸಲ ಹೆಸರು ನೋಡಿ. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಯಾವ ಹೆಸರನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಪರಿಶೀಲನೆಗೆ ಸಮಯ ಬೇಕಾದ್ದರಿಂದ, ಆ ದಿನಕ್ಕಿಂತ ಹತ್ತು ದಿನ ಮುಂಚೆಯಾದರೂ ಅರ್ಜಿ ಸೇರಿರಬೇಕು. ಮತದಾನದ ದಿನ ನೋಡಿ ಲೆಕ್ಕ ಹಾಕಬೇಡಿ, ನಾಮಪತ್ರದ ದಿನ ನೋಡಿ.

ಮನೆಯಲ್ಲಿ 85 ದಾಟಿದ ಹಿರಿಯರು ಅಥವಾ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ಇದ್ದರೆ, ಮನೆಯಿಂದಲೇ ವೋಟು ಹಾಕಿಸಬಹುದು. ಅದಕ್ಕೆ ನಮೂನೆ 12ಡಿ. ಅಧಿಸೂಚನೆ ಹೊರಟ ಐದು ದಿನದೊಳಗೆ ಬಿಎಲ್‌ಒಗೆ ಕೊಡಬೇಕು. ಐದೇ ದಿನ ಇರುವುದರಿಂದ ಬಹಳ ಮನೆಗಳಲ್ಲಿ ಇದು ತಪ್ಪಿಹೋಗುತ್ತದೆ. ಒಂದು ಸಲ ಒಪ್ಪಿಗೆ ಕೊಟ್ಟ ಮೇಲೆ ಅವರು ಮತಗಟ್ಟೆಗೆ ಹೋಗಿ ಹಾಕಲು ಬರುವುದಿಲ್ಲ. ಮೊದಲೇ ಕೇಳಿ ತೀರ್ಮಾನ ಮಾಡಿ. ನಮ್ಮ ಪಕ್ಕದ ಮನೆಯ ತಾತ ‘ನಾನು ನಡೆದೇ ಹೋಗ್ತೀನಿ, ಸಾಲಲ್ಲಿ ನಿಂತೇ ಹಾಕ್ತೀನಿ’ ಎಂದು ಹಟ ಹಿಡಿದಿದ್ದರು. ಅದೂ ಅವರ ಹಕ್ಕೇ.

ಹಂತ 6: ಮತದಾನದ ದಿನ

ರಜೆಯ ವಿಷಯ ಮೊದಲು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮಿನಂತೆ ಮತದಾರರಾದ ಕೆಲಸಗಾರರಿಗೆ ಆ ದಿನ ಸಂಬಳ ಸಹಿತ ರಜೆ ಕೊಡಬೇಕು. ದಿನಗೂಲಿಯವರೂ ಇದರಲ್ಲಿ ಸೇರುತ್ತಾರೆ. ಅಂಗಡಿ, ಗಾರ್ಮೆಂಟ್ಸ್, ಹೋಟೆಲ್ ಎಲ್ಲಕ್ಕೂ ಅನ್ವಯ. ನಿಮ್ಮ ಮನೆಗೆಲಸದವರಿಗೆ, ಡ್ರೈವರಿಗೆ ನೀವೇ ಮುಂದಾಗಿ ರಜೆ ಕೊಡಿ, ಕೂಲಿ ಹಿಡಿಯಬೇಡಿ.

ಕೈಯಲ್ಲಿ ಎಪಿಕ್ ಕಾರ್ಡ್ ಇರಲಿ. ಇಲ್ಲದಿದ್ದರೆ ಆಧಾರ್, ಡಿಎಲ್, ಪ್ಯಾನ್, ಪಾಸ್‌ಪೋರ್ಟ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಉದ್ಯೋಗ ಖಾತರಿ ಜಾಬ್ ಕಾರ್ಡ್, ಫೋಟೊ ಇರುವ ಪಿಂಚಣಿ ದಾಖಲೆ ಇವುಗಳಲ್ಲಿ ಒಂದು ಸಾಕು. ಮನೆಗೆ ಕೊಡುವ ಮತದಾರರ ಮಾಹಿತಿ ಚೀಟಿ ಬರೀ ದಾರಿ ತೋರಿಸುವುದಕ್ಕೆ, ಅದು ಗುರುತಿನ ದಾಖಲೆ ಅಲ್ಲ. ಬೇರೆ ಕ್ಷೇತ್ರದ ಹಳೇ ಎಪಿಕ್ ಕಾರ್ಡ್ ಇದ್ದರೂ, ಈ ಬೂತಿನ ಪಟ್ಟಿಯಲ್ಲಿ ಹೆಸರಿದ್ದರೆ ಅದು ನಡೆಯುತ್ತದೆ. ಮೊಬೈಲ್ ಮನೆಯಲ್ಲಿ ಬಿಟ್ಟು ಬರುವುದೇ ವಾಸಿ, ಮತಗಟ್ಟೆ ಒಳಗೆ ಬಿಡುವುದಿಲ್ಲ.

ಒಳಗೆ ಮೊದಲ ಅಧಿಕಾರಿ ನಿಮ್ಮ ಗುರುತು ನೋಡಿ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ, ಅಭ್ಯರ್ಥಿಗಳ ಪರವಾಗಿ ಕೂತ ಏಜೆಂಟರು ತಮ್ಮ ಪಟ್ಟಿಯಲ್ಲಿ ಗೀಟು ಹಾಕಿಕೊಳ್ಳುತ್ತಾರೆ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿ ಒಂದು ಚೀಟಿ ಕೊಡುತ್ತಾರೆ. ಆ ಶಾಯಿ ಬರುವುದು ನಮ್ಮ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಿಂದ, 1962ರ ಚುನಾವಣೆಯಿಂದಲೂ. ಮೂರನೆಯವರು ಚೀಟಿ ತೆಗೆದುಕೊಂಡು ಯಂತ್ರ ಸಿದ್ಧ ಮಾಡುತ್ತಾರೆ. ಮರೆಯ ಹಿಂದೆ ಹೋಗಿ ನಿಮ್ಮ ಅಭ್ಯರ್ಥಿಯ ಎದುರಿನ ನೀಲಿ ಗುಂಡಿ ಒತ್ತಿ. ಕೆಂಪು ದೀಪ ಹತ್ತುತ್ತದೆ. ಪಕ್ಕದ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ ಕ್ರಮ ಸಂಖ್ಯೆ, ಹೆಸರು, ಚಿಹ್ನೆ ಇರುವ ಚೀಟಿ ಏಳು ಸೆಕೆಂಡು ಕಾಣುತ್ತದೆ. ಗಡಿಬಿಡಿ ಮಾಡದೆ ನೋಡಿ, ಬೀಪ್ ಶಬ್ದ ಬಂದ ಮೇಲೆ ಹೊರಬನ್ನಿ.

ಯಾರೂ ಬೇಡ ಅನ್ನಿಸಿದರೆ ಕೊನೆಯಲ್ಲಿ ನೋಟಾ ಗುಂಡಿ ಇದೆ, 2013ರಿಂದ. ಆದರೆ ನೋಟಾಗೆ ಎಷ್ಟೇ ವೋಟು ಬಿದ್ದರೂ, ಅಭ್ಯರ್ಥಿಗಳಲ್ಲಿ ಹೆಚ್ಚು ಪಡೆದವರೇ ಗೆಲ್ಲುತ್ತಾರೆ. ಕಣ್ಣು ಕಾಣದವರು, ಗುಂಡಿ ಒತ್ತಲಾಗದವರು 18 ತುಂಬಿದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಮುಕ್ತಾಯದ ಸಮಯಕ್ಕೆ ಸಾಲಿನಲ್ಲಿ ನಿಂತಿದ್ದವರಿಗೆಲ್ಲ ಚೀಟಿ ಕೊಟ್ಟು ಅವಕಾಶ ಕೊಡಬೇಕು. ಸಂಜೆ ಸಾಲು ಉದ್ದ ಇದೆ ಎಂದು ವಾಪಸ್ ಹೋಗಬೇಡಿ.

ಬೂತಿನಲ್ಲಿ ತೊಡಕಾದರೆ

‘ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ ಚಾಲೆಂಜ್ ವೋಟ್ ಹಾಕಬಹುದು’ ಎಂಬ ವಾಟ್ಸಾಪ್ ಮೆಸೇಜು ಪ್ರತಿ ಚುನಾವಣೆಯಲ್ಲೂ ಓಡಾಡುತ್ತದೆ. ಅದು ಸುಳ್ಳು. ಚಾಲೆಂಜ್ ಎನ್ನುವುದು, ‘ಇವರು ಆ ವ್ಯಕ್ತಿ ಅಲ್ಲ’ ಎಂದು ಏಜೆಂಟರು ಎರಡು ರೂಪಾಯಿ ಕಟ್ಟಿ ನಿಮ್ಮ ಗುರುತನ್ನು ಪ್ರಶ್ನಿಸುವುದು. ನೀವು ನೀವೇ ಎಂದು ತೋರಿಸಿದರೆ ವೋಟು ಹಾಕಬಹುದು. ಹೆಸರಿಲ್ಲದವರಿಗೆ ಇದರಿಂದ ಪ್ರಯೋಜನ ಇಲ್ಲ. ದಯವಿಟ್ಟು ಅದನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಅದನ್ನು ನಂಬಿದವರು ಹೆಸರು ನೋಡಿಕೊಳ್ಳುವುದನ್ನೇ ಬಿಡುತ್ತಾರೆ.

‘ನಿಮ್ಮ ಹೆಸರಿನ ಎದುರು ಊರಲ್ಲಿಲ್ಲ, ಸ್ಥಳಾಂತರ ಎಂದು ಗುರುತಿದೆ’ ಎಂದು ಹೇಳಿದರೆ ಹಿಂದಿರುಗಬೇಡಿ. ಹೆಸರು ಪಟ್ಟಿಯಲ್ಲಿ ಇದೆ ತಾನೆ? ಗುರುತಿನ ದಾಖಲೆ ತೋರಿಸಿ, ಕೇಳಿದ ಘೋಷಣೆಗೆ ಸಹಿ, ಹೆಬ್ಬೆಟ್ಟು ಹಾಕಿ ವೋಟು ಹಾಕಬಹುದು.

‘ನಿಮ್ಮ ವೋಟು ಆಗಲೇ ಬಿದ್ದಿದೆ’ ಎಂದು ಹೇಳಿದರೆ, ಅಂದರೆ ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಹಾಕಿಹೋಗಿದ್ದರೆ, ಜಗಳಕ್ಕೆ ನಿಲ್ಲಬೇಡಿ. ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಬಳಿ ಹೋಗಿ ‘ಟೆಂಡರ್ಡ್ ವೋಟು ಕೊಡಿ’ ಎಂದು ಕೇಳಿ. ಗುರುತು ಖಚಿತವಾದರೆ ನಿಮಗೆ ಯಂತ್ರದ ಬದಲು ಕಾಗದದ ಮತಪತ್ರ ಕೊಡುತ್ತಾರೆ, ನೀವು ಗುರುತು ಮಾಡಿದ ಮೇಲೆ ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಎಣಿಕೆಯ ದಿನ ಅದನ್ನು ಎಣಿಸುವುದಿಲ್ಲ. ಫಲಿತಾಂಶ ನ್ಯಾಯಾಲಯಕ್ಕೆ ಹೋದರೆ ಆ ಕಾಗದ ಸಾಕ್ಷಿಯಾಗುತ್ತದೆ, ಅಂತರ ಒಂದೋ ಹದಿನಾರೋ ಇದ್ದಾಗ ಅದಕ್ಕೆ ಬೆಲೆ ಬರುತ್ತದೆ. ಕೆಲ ಅಧಿಕಾರಿಗಳು ‘ಸುಮ್ನೆ ಯಾಕೆ ತೊಂದರೆ, ಹೋಗಿ’ ಅನ್ನಬಹುದು. ಇದಕ್ಕೆ ಅವಕಾಶ ಕೊಡುವ ಚುನಾವಣಾ ನಿಯಮ 49ಪಿ ಎಂದು ಹೇಳಿ, ಮತಪತ್ರ ಕೇಳಿ ಪಡೆದು, ಹೆಸರು ದಾಖಲಾದ ಪಟ್ಟಿಯಲ್ಲಿ ಸಹಿ ಹಾಕಿಯೇ ಹೊರಗೆ ಬನ್ನಿ.